ಗಿಡ್ಡಿಯ ತಾಲೀಮು

ಜೂನ್‌ದಾಗ ಶುರು ಮಾಡಿದ್ದು.
ರೊಟ್ಟಿ ಬುಟ್ಟಿಗೆ ನನ್ನ ಹರಕ ಇಳಕಲ್ ಸೀರಿ ಹಾಸಿ
ಒಳಗ ಕೆನಿ ಸವರಿದ ಒಂದು ಚೂರು ಇಟ್ಟೆ.
ಗಿಡ್ಡಿ ಮೂಸಿ, ಬಾಲ ಬೀಸಿ, ಮಾಳಗಿ ಏರಿದ್ಲು.

ಎರಡನೇ ವಾರ ಮುಂಗಾಲು ಇಟ್ಲು.
ಮೂರನೇ ವಾರ ಮುಚ್ಚಳ ಹಾಕಿದೆ;
ನನ್ನ ಮೊಣಕೈತನಕ ಕೆಂಪು ಗೆರಿ.
"ಬೆಕ್ಕಿಗೂ ಸಾಲಿ ತಗದೀಯೇನ, ದುಂಡವ್ವಾ?"
ಕಟ್ಟಿಮ್ಯಾಲಿನ ಗಂಡಸರು ನಕ್ಕರು.
ನಗಲಿ.
ಹಿಂದಿನ ಹೊಳಿ ಬಂದಾಗ
ಮಾಳಗಿ ತುದಿಗೆ ನಿಂತು ಒದರಿದ ಇವಳ ತಾಯಿ ದನಿ
ಅವರ ಕಿವ್ಯಾಗ ಉಳದಿಲ್ಲ.

ಆಗಸ್ಟ್. ಹಿಡಕಲ್ ನೀರು ಬಿಟ್ಟಾರಂತ
ಪಂಚಾಯ್ತಿ ಆಟೋ ಕೂಗಿಕೋತ ಹೋತು.
ಕರೆಂಟಿಲ್ಲ. ಆಧಾರ್ ಹುಡುಕಿದೆ, ಬಿಪಿ ಗುಳಿಗಿ ಹುಡುಕಿದೆ,
ಒಂದ ಕಾಲಾಗ ಚಪ್ಪಲಿ ಹಾಕ್ಕೊಂಡು ಇನ್ನೊಂದು ಹುಡುಕಿದೆ.
ಬಚ್ಚಲ ಮೋರ್ಯಾಗ ಘಟಪ್ರಭಾ
ಗುಳುಗುಳು ಅನ್ನಾಕತ್ತಿದ್ಲು.

ಗಿಡ್ಡಿ?
ಬ್ಯಾಟರಿ ಹಾಕಿ ನೋಡತೀನಿ,
ಬುಟ್ಯಾಗ ಮುದ್ದಿ ಆಗಿ ಕುಂತಾಳ,
ಯಾಕಿಷ್ಟು ತಡಾ, ಅನ್ನೂಹಂಗ.

ಮುಧೋಳ ಸಾಲಿ ವರಾಂಡದಾಗ ಹನ್ನೊಂದು ದಿನ.
ನೀರು ಇಳೀತು. ರಾಡಿ ಬಳದೆ, ಗ್ವಾಡಿ ತೊಳದೆ.
ಬುಟ್ಟಿ ಮಾತ್ರ ತಿರುಗಿ ಗೂಟ ಏರಲಿಲ್ಲ:
ಅಕಿ ಈಗ ಅದರಾಗ ಮಲಗತಾಳ.
ರೊಟ್ಟಿ ನಾನು ಪಾತೇಲ್ಯಾಗ ಇಡತೀನಿ.