ಸಾಕು ಅನ್ನುವ ಕಾರ್ಡು

ದುರ್ಗಿಗುಡಿಯಲ್ಲಿ ಔಷಧದಂಗಡಿಯ ಮೇಲಿನ ಕೋಣೆ.
ಹನ್ನೊಂದಕ್ಕೆ ಸರಿಯಾಗಿ ಕೆಳಗಿನ ಹೋಟೆಲಿನವರು
ಚಟ್ನಿಗೆ ಮಿಕ್ಸಿ ಹಾಕುತ್ತಾರೆ.
ಅದಕ್ಕೆ ಒಂದು ನಿಮಿಷ ಮೊದಲೇ
ಲೋಹಿತ ಕಿವಿ ಮುಚ್ಚಿಕೊಳ್ಳುತ್ತಾನೆ.
ನನಗೆ ಕೇಳದ್ದೇನೋ ಅವನಿಗೆ ಕೇಳುತ್ತದೆ,
ತೆಂಗಿನತುರಿ ಜಾರಿಗೆ ಬೀಳುವ ಸದ್ದೋ,
ಹುಡುಗ ಪ್ಲಗ್ಗಿಗೆ ಕೈ ಚಾಚುವ ಸದ್ದೋ.
ಮೊದಲ ಮೂರು ತಿಂಗಳು ನಾನದನ್ನು
‘ಕಾರಣವಿಲ್ಲದೆ’ ಎಂದು ಬರೆದಿದ್ದೆ.

ಕುಂಸಿಯಿಂದ ಅವನನ್ನು ಕರೆತರುವವಳು ಅಜ್ಜಿ, ಸಾಕಮ್ಮ.
ತಾಯಿ ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಾಳೆ,
ರಜೆ ಹಾಕಿದರೆ ಅಂದಿನ ಸಂಬಳವಿಲ್ಲ.
ನಾಲ್ಕನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರಂತೆ.
‘ಸಾಕಪ್ಪಾ ಸಾಕು ಅಂತ ಸಾಕಮ್ಮ.
ಆಮೇಲೂ ಎರಡು ಹುಟ್ಟಿದ್ವು ಬಿಡಿ, ದೇವ್ರಿಗೆ ಕನ್ನಡ ಬರಲ್ಲ’
ಎಂದು ಎಲೆಯಡಿಕೆಯ ಬಾಯಲ್ಲಿ ನಗುತ್ತಾಳೆ.

ನನ್ನ ಕೆಲಸ ಏನೆಂದು ಒಮ್ಮೆ ಕೇಳಿದ್ದಳು.
ನಡವಳಿಕೆ ತಿದ್ದುವುದು ಅನ್ನಲು ಹೋಗಿ ತಡವರಿಸಿ
ಎಣಿಸುವುದು, ಅಂದೆ.
ಎಷ್ಟು ಸಲ ಕಚ್ಚಿದ, ಎಷ್ಟು ಹೊತ್ತು ಕೂತ, ಎಷ್ಟು ಸೆಕೆಂಡು ಅತ್ತ.
‘ನಮ್ಮ ಡೇರಿಯವ್ನೂ ಹಂಗೇ, ಬರೀ ಲೆಕ್ಕ.
ಕೊನೆಗೆ ನಮ್ಮ ಹಾಲು ಮಾತ್ರ ಕಮ್ಮಿ.’

ಅದು ನಿಜ.
ಕೆಲಸಕ್ಕೆ ಸೇರಿದ ಮೊದಲ ವರ್ಷ, ಆಕಿಬ್ ಎಂಬ ಹುಡುಗ.
ನನ್ನ ಕಣ್ಣು ನೋಡು. ನೋಡಿದರೊಂದು ಚಾಕಲೇಟು ಗುಂಡು.
ದಿನಕ್ಕೆ ಅರವತ್ತು ಸಲ.
ನೂರಕ್ಕೆ ತೊಂಬತ್ತಾದ ದಿನ
ಅವನ ತಾಯಿ ನನ್ನ ಕೈ ಹಿಡಿದು ಅತ್ತರು,
ನಾನು ಹಿಗ್ಗಿ ಗ್ರಾಫನ್ನು ಗೋಡೆಗೆ ಅಂಟಿಸಿದೆ.
ಮೊನ್ನೆ ಬಿ.ಎಚ್. ರಸ್ತೆಯಲ್ಲಿ ಸಿಕ್ಕ, ಮೀಸೆ ಬಂದಿದೆ.
ನನ್ನ ಕಣ್ಣನ್ನೇ ನೋಡಿದ, ರೆಪ್ಪೆ ಬಡಿಯದೆ,
ಉಸಿರು ಬಿಗಿಹಿಡಿದು, ಬೆರಳು ಹಿಸುಕಿಕೊಳ್ಳುತ್ತಾ,
ಹಳೇ ಬಾಕಿ ತೀರಿಸುವವನ ಹಾಗೆ.
ನಾನೇ ತಲೆ ತಗ್ಗಿಸಿದೆ.

ಲೋಹಿತನಿಗೆ ಹಾಗೆ ಹೇಳುವುದಿಲ್ಲ.
ಅವನು ಕಿಟಕಿ ಸರಳಿನ ನೆರಳು ನೋಡಲಿ,
ನನ್ನ ಬಳೆ ನೋಡಲಿ. ಪಕ್ಕದಲ್ಲಿ ಕೂರುತ್ತೇನೆ.
ನಡುವೆ ಲ್ಯಾಮಿನೇಟ್ ಮಾಡಿದ ಮೂರು ಕಾರ್ಡು:
ನೀರು. ಉಯ್ಯಾಲೆ. ಸಾಕು.
ಮೂರನೆಯದಕ್ಕೆ ಏನು ಚಿತ್ರ ಬರೆಯುವುದೋ ತೋಚದೆ
ಎತ್ತಿದ ಅಂಗೈ ಬರೆದೆ.
ಆಶೀರ್ವಾದದ ಹಾಗೆ ಕಾಣುತ್ತದೆ.

ಐದು ತಿಂಗಳು ಅವನದನ್ನು ಮುಟ್ಟಲಿಲ್ಲ.
ಸಾಕಾದಾಗ ಕಚ್ಚುತ್ತಿದ್ದ.
ನನ್ನ ಎಡ ಮುಂಗೈಯಲ್ಲಿ ಎರಡು ಅರ್ಧಚಂದ್ರ,
ಮನೆಯಲ್ಲಿ ಕೇಳಿದರೆ ಬಾಗಿಲಿಗೆ ಸಿಕ್ಕಿತು ಅನ್ನುತ್ತೇನೆ.

ಈ ಶುಕ್ರವಾರ ಮಣಿ ಪೋಣಿಸುತ್ತಿದ್ದೆವು.
ಏಳನೆಯ ಮಣಿಗೆ ಅವನ ಕೈ ನಿಂತಿತು.
ದವಡೆ ಬಿಗಿಯಿತು.
ತೋಳು ಹಿಂದಕ್ಕೆಳೆದುಕೊಳ್ಳದೆ ಕಾದೆ.
ಅವನು ಕಾರ್ಡು ಎತ್ತಿದ.
ಬಾವಿಗಿಳಿದ ಕೊಡ ಕೊನೆಗೂ ನೀರು ತಾಕಿದಂಥ ದನಿ:
‘ಸಾಕ್…’

ನಾನು ಉಸಿರು ಬಿಡುವ ಮೊದಲೇ
ಬಾಗಿಲ ಬಳಿ ಕುರ್ಚಿ ಕಿರುಗುಟ್ಟಿ, ಕೈಚೀಲ ಬಿದ್ದು,
ಟೊಮೆಟೊ ಉರುಳಿ,
‘ಓ ಮಗಾ! ಇಲ್ಲೇ ಇದೀನಿ ಕಣೋ!’
ಅಪ್ಪ ಸಿಟ್ಟಿನಲ್ಲಿ ಇಟ್ಟ ಹೆಸರಿಗೆ
ಯಾರೂ ಅಷ್ಟು ಬೇಗ ಓಗೊಟ್ಟದ್ದನ್ನು ನಾನು ಕಂಡಿಲ್ಲ.

ನಿಯಮದಂತೆ ಮಣಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ.
ಸಾಕು ಅಂದರೆ ಸಾಕು. ಅದು ನಾನು ಅವನಿಗೆ ಕೊಟ್ಟ ಮಾತು.
ಅವನು ಎದ್ದುಹೋಗಿ, ಬೆನ್ನು ಹಾಕಿ,
ಅಜ್ಜಿಯ ಹೊಟ್ಟೆಗೆ ಒರಗಿ ನಿಂತ.

ಹಾಳೆಯಲ್ಲಿ ಎರಡು ಕಾಲಂ.
ಬೇಡವೆಂದದ್ದು. ಹೆಸರು ಹೇಳಿದ್ದು.
ಪೆನ್ನು ಹಿಡಿದು ಕೂತೆ.
‘ಅದ್ರಲ್ಲೇನು ಯೋಚ್ನೆ, ಸಾಕಿದೋಳು ನಾನು,
ಇನ್ಯಾರ್ನ ಕರೀತಾನೆ?’
ಕಾಲಂಗಳ ನಡುವಿನ ಗೆರೆಯ ಮೇಲೆಯೇ
ಒಂದು ಗೀಟು ಹಾಕಿದೆ.
ಸೋಮವಾರ ಮೇಡಂ ಬೈಯುತ್ತಾರೆ.

ಸಾಕಮ್ಮ ಟೊಮೆಟೊ ಎಲ್ಲಿ ಉರುಳಿತೆಂದು ಕಣ್ಣಲ್ಲೇ ಹುಡುಕುತ್ತಾ
ಎರಡೂ ಅಂಗೈಯನ್ನು ಅವನ ಕಿವಿಗಳಿಗೆ ಒತ್ತಿಹಿಡಿದಳು.
ಯಾಕೆ ಎಂದು ಕೇಳಬೇಕೆಂದುಕೊಂಡೆ.
ಕೆಳಗೆ ಮಿಕ್ಸಿ ಶುರುವಾಯಿತು.