ನೊರೆಯ ಕೆಳಗೆ

ಭಾನುವಾರ ಸಂಜೆ ನನ್ನ ಅಂಗಡಿಯಲ್ಲಿ
ಕುರ್ಚಿ ಮೂರು, ಕನ್ನಡಿ ಎರಡು,
ಕೋಚ್‌ಗಳು ಹದಿನಾಲ್ಕು ಜನ.

ಬೆಳಿಗ್ಗೆ ಆಸ್ಟಿನ್ ಟೌನ್ ಮೈದಾನದಲ್ಲಿ
ನೀಲಸಂದ್ರ ಯಂಗ್ ಸ್ಟಾರ್ಸ್ ಮತ್ತೆ ಸೋತಿತ್ತು.
ಮೂರು ಸೊನ್ನೆ. ಮೂರನೆಯದು ನಮ್ಮವನೇ ಹೊಡೆದದ್ದು,
ನಮ್ಮ ಗೋಲಿಗೇ, ಅದೂ ತಲೆಯಲ್ಲಿ, ಅದೂ ಚೆಂದವಾಗಿ.

ರಿಟೈರ್ಡ್ ಕಂಡಕ್ಟರ್ ಮುನಿಸಂಜೀವಪ್ಪ
ಹಳೇ ವೇ ಬಿಲ್ಲಿನ ಕಟ್ಟು ಬಿಚ್ಚಿದರು.
ಟಿಕೆಟ್ ನಂಬರು ಬರೆಯುತ್ತಿದ್ದ ಮನೆಗಳಲ್ಲಿ
ಈಗ ಕಾರ್ನರು, ಫೌಲು, ಗೋಲಿನತ್ತ ಹೊಡೆತ.
'ಹನ್ನೊಂದು ಪಂದ್ಯ. ಹೊಡೆದದ್ದು ನಾಲ್ಕು,
ತಿಂದದ್ದು ಇಪ್ಪತ್ತಾರು.
ಅದರಲ್ಲಿ ಹತ್ತೊಂಬತ್ತು ಎಪ್ಪತ್ತನೇ ನಿಮಿಷದ ಮೇಲೆ.
ಕೊನೇ ಸ್ಟಾಪು ಬರೋ ಮುಂಚೇನೇ ಇಳಿದುಬಿಡ್ತಾರೆ ಕಣ್ರೀ ನಮ್ಮ ಹುಡುಗ್ರು.'

'ಅಂಕಿ ಯಾಕ್ ಸ್ವಾಮಿ, ಕಣ್ಣಿಲ್ವಾ?' ಮಟನ್ ಅಂಗಡಿ ಖಲಂದರ್.
'ಆ ಲೆಫ್ಟ್ ಬ್ಯಾಕ್ ಲೂರ್ದುರಾಜ್ ಓಡೋದು ನೋಡಿ,
ನಮ್ಮತ್ತೆ ರೇಷನ್ ಕ್ಯೂಗೆ ಇದಕ್ಕಿಂತ ಜೋರಾಗಿ ಓಡ್ತಾರೆ.'
'ಹುಡುಗರನ್ನ ಅನ್ಬೇಡಿ' ಅಂದ ವೆಲ್ಡಿಂಗ್ ದಯಾಳನ್,
'ಆಡ್ಸೋನು ಸರಿ ಇರ್ಬೇಕು.
ಆರು ಪಂದ್ಯದಿಂದ ಅದೇ ಒಂಬತ್ತನೇ ನಂಬರನ್ನ ಮುಂದೆ ನಿಲ್ಲಿಸ್ತಾನಲ್ಲ,
ಏನವನು, ಅಳಿಯಾನಾ?
ಮೊದಲು ಕೋಚ್ ತಲೆ ಉರುಳ್ಬೇಕು.'

ಆ ಮಾತು ಬಂದಾಗ
ಕೋಚ್ ತಲೆ ನನ್ನ ಕೈಯಲ್ಲಿತ್ತು.

ಒಳಗಿನ ಕುರ್ಚಿ, ಟ್ಯೂಬ್‌ಲೈಟು ಮಿಣುಕುವ ಮೂಲೆ.
ಕೆನ್ನೆ ತುಂಬ ನೊರೆ, ಕಣ್ಣ ಮೇಲೆ ಬಿಸಿ ಟವೆಲ್ಲು,
ಇವರೆಲ್ಲ ಬರುವ ಮೊದಲೇ ಬಂದು ಒರಗಿದ್ದ
ಬರ್ನಾರ್ಡ್ ಸಾರ್.
ನಾನು ಹೇಳಬಹುದಿತ್ತು. ಒಮ್ಮೆ ಕೆಮ್ಮಬಹುದಿತ್ತು.
ಅವರೇ ಬಿಳಿ ಬಟ್ಟೆಯಡಿಯಿಂದ ಒಂದು ಬೆರಳೆತ್ತಿ
ಬೇಡ ಅಂದರು.

ಇಪ್ಪತ್ತೆರಡು ವರ್ಷದಿಂದ ಕತ್ತಿ ಹಿಡಿದವನು ನಾನು.
ನಾಲಿಗೆಗೆ ಎಲುಬಿಲ್ಲ ಸರಿ,
ಗಂಟಲಿನ ಗಂಟಿಗೆ ಸುಳ್ಳು ಬರುವುದಿಲ್ಲ.
'ಅವನಿಗೆ ಆಟಾನೇ ಗೊತ್ತಿಲ್ಲ' ಅಂದಾಗ ಅದು ಕದಲಲಿಲ್ಲ.
'ದುಡ್ಡು ತಿಂದಿದಾನೆ' ಅಂತ ಬಾಗಿಲಲ್ಲಿ ನಿಂತವನೊಬ್ಬ ಅಂದಾಗ
ನಗುವಿನಂಥದ್ದೇನೋ ಅಲ್ಲಿ ಅಲುಗಿತು,
ಕತ್ತಿ ಎತ್ತಿ ಕಾದೆ.
'ಆ ಒಂಬತ್ತನೇ ನಂಬರು, ಅವನ ಕಾಲಲ್ಲಿ ಏನೂ ಇಲ್ಲ, ಕಿತ್ಹಾಕಿ'
ಅಂದಾಗ ಮಾತ್ರ
ಗಂಟು ಮೇಲೆ ಹೋಯಿತು,
ಅಲ್ಲೇ ನಿಂತಿತು,
ಅಲಗಿಗೂ ಅದಕ್ಕೂ ನಡುವೆ ಒಂದು ನೂಲು.

ಹೊರಗೆ ಮಾತು ಮೈದಾನಕ್ಕೆ ಇಳಿದಿತ್ತು.
ನೆಲ ಡೊಂಕು ಅಂತ ಒಬ್ಬ,
ಕುಣಿಯಲಾರದವಳೂ ಅದನ್ನೇ ಅಂದಿದ್ಲು ಅಂತ ಇನ್ನೊಬ್ಬ.
ಖಲಂದರ್ ನನ್ನ ಸಾಮಾನೆಲ್ಲ ಎಳೆದುಕೊಂಡು
ಕಟ್ಟೆಯ ಮೇಲೆ ತಂಡ ಕಟ್ಟುತ್ತಿದ್ದ.
ಪೌಡರ್ ಡಬ್ಬ ಗೋಲಿಗೆ,
ಹಿಂದೆ ನಾಲ್ಕು ಬಾಚಣಿಗೆ,
ನಡುವೆ ಕತ್ತರಿ, ಪಟಿಕದ ಕಲ್ಲು, ನೀರಿನ ಬಾಟಲಿ.
ಮುಂದೆ ನಿಲ್ಲಿಸಲು ಅವನಿಗೂ ಏನೂ ಸಿಗಲಿಲ್ಲ.

ಟವೆಲ್ಲು ತೆಗೆದೆ.
ಬರ್ನಾರ್ಡ್ ಸಾರ್ ಎದ್ದು ಕನ್ನಡಿಯಲ್ಲಿ
ಮೊದಲು ತಮ್ಮ ಮುಖ ನೋಡಿಕೊಂಡರು,
ಆಮೇಲೆ ಹಿಂದಿದ್ದ ಹದಿನಾಲ್ಕನ್ನು.
ಫ್ಯಾನಿನ ಕಟಕಟ ಅಷ್ಟು ಜೋರು
ಅಂತ ನನಗೆ ಅಂದೇ ಗೊತ್ತಾದದ್ದು.

ಅರವತ್ತು ರೂಪಾಯಿ ಎಣಿಸಿ ಕೊಟ್ಟು ಕಂಡಕ್ಟರಿಗೆ ಹೇಳಿದರು:
'ಇಪ್ಪತ್ತಾರಲ್ಲ, ಇಪ್ಪತ್ತೇಳು.
ಶ್ರೀರಾಂಪುರದ ಮ್ಯಾಚಲ್ಲಿ
ಕೊನೇ ಗೋಲಿಗೆ ಮುಂಚೆ ನೀವು ಎದ್ದು ಹೋಗಿದ್ರಿ.'
ಮುನಿಸಂಜೀವಪ್ಪ ಕಿವಿಯ ಮೇಲಿನ ಪೆನ್ನು ತೆಗೆದು
ತಲೆಯೆತ್ತದೆ ತಿದ್ದಿದರು.

ಚಪ್ಪಲಿ ಮೆಟ್ಟಿದ ಮೇಲೆ ಏನನ್ನಿಸಿತೋ, ತಿರುಗಿ ಬಂದು
ನೊರೆ ಆರದ ನನ್ನ ಬ್ರಷ್ಷನ್ನು ಎತ್ತಿ
ಕಟ್ಟೆಯ ಮೇಲೆ, ಎಲ್ಲರಿಗಿಂತ ಮುಂದೆ,
ಆ ಖಾಲಿ ಜಾಗದಲ್ಲಿ ನಿಲ್ಲಿಸಿ
ರಸ್ತೆಗಿಳಿದು ಹೋದರು.

ಬ್ರಷ್ಷು ಒಂದಿಷ್ಟು ವಾಲಿತು. ಬೀಳಲಿಲ್ಲ.
ಒಬ್ಬರೂ ಮಾತಾಡಲಿಲ್ಲ,
ನಾನು ಕತ್ತಿ ಒರೆಸಿ, ಬ್ಲೇಡು ಬದಲಿಸಿ,
ಮುಂದಿನವರು ಬನ್ನಿ ಅನ್ನುವವರೆಗೆ.

ಆಗ ದಯಾಳನ್ ಬಗ್ಗಿ, ಒಂದು ಕಣ್ಣು ಮುಚ್ಚಿ,
ಉದ್ದಕ್ಕೂ ಅಳೆದು ನೋಡಿ
ಅಂದ:
'ಆಫ್‌ಸೈಡಲ್ಲಿ ನಿಲ್ಲಿಸಿದಾನೆ ನೋಡ್ರೀ.'