ನಾನೂರೈವತ್ತು ಓಮ್

ಜೋಳ ಕೊಯ್ದ ಮೇಲೆ ಡೋಣಿ ಸಾಲಿನ ಎರೆಹೊಲ,
ಮೇಲೆ ಬರೀ ಆಕಾಶ, ಕೆಳಗೆ ಬರೀ ಕೂಳೆ.
ತಾಳಿಕೋಟೆಯ ರೇಡಿಯೋ ರಿಪೇರಿ ಲಾಡ್ಲೇಸಾಬ
ಹೆಜ್ಜೆಯಲ್ಲಿ ಅಳೆದ: ನಾನೂರು. ಅಲೆಯೊಂದರ ಮೈಯುದ್ದ.
ಸುಟ್ಟ ಮೋಟರು ಬಿಚ್ಚಿದ ತಾಮ್ರದ ಸುರುಳಿ ನನ್ನ ಹೆಗಲಲ್ಲಿ.
ಎದೆಮಟ್ಟ ಜಾಲಿಗೂಟ, ಗೂಟಕ್ಕೊಂದು ಬಾಟಲಿ ಕುತ್ತಿಗೆ,
ತಂತಿ ನೆಟ್ಟಗೆ ಪಡುವಣಕ್ಕೆ.

"ಇಷ್ಟ ಗಿಡ್ಡ ಯಾಕ?" ಅಂದೆ.
"ಎತ್ತರ ಕಳಸಾವ್ರಿಗೆ ಬೇಕು. ನಾವು ಕೇಳಾವ್ರು."

ಅಲೆ ನಿಂತೇ ಬರುತ್ತದೆ, ಆದರೆ ಕಾಲು ನೆಲದಲ್ಲಿ.
ಎರೆಯಲ್ಲಿ ನಡೆದವರಿಗೆ ಗೊತ್ತು
ಕೆರಕ್ಕೆ ಮಣ್ಣು ಮೆತ್ತಿ ಹೆಜ್ಜೆ ಹಿಂದುಳಿದು
ಮೈಯಷ್ಟೇ ಮುಂದೆ ಬಾಗುವುದು.
ಆ ಬಾಗಿದ್ದು ತಂತಿಯ ಪಾಲು.
ಗೂಟದಿಂದ ಗೂಟಕ್ಕೆ ಜತೆಜತೆಗೇ ಓಡಿ
ಚೂರು ಚೂರು ಕೂಡಿಸಿಕೊಂಡು
ಮೂಡಣ ತುದಿಯ ಗುಡಿಸಲು ಮುಟ್ಟುವ ಹೊತ್ತಿಗೆ
ಅದೊಬ್ಬ ಮನುಷ್ಯನ ದನಿ.
ಸಮುದ್ರದಾಚೆ ಯಾವುದೋ ಪೇಟೆಯ ಒಂಟೆ ದರ
(ಒಂಟೆ ಅಂತ ನಾವೇ ಅಂದುಕೊಂಡದ್ದು,
ಭಾಷೆ ಇಬ್ಬರಿಗೂ ಬಾರದು).

ಬೆನ್ನ ಕಡೆಯಿಂದ ಬಂದ ಹೈದರಾಬಾದು?
ಅದೂ ಓಡುತ್ತದೆ, ಆಚೆ ತುದಿಗೆ.
ಅಲ್ಲಿ ಬೆರಳುಗಿಣ್ಣಿನಷ್ಟು ರೆಸಿಸ್ಟರು,
ನಾನೂರೈವತ್ತು ಓಮ್, ಅದರ ಬುಡಕ್ಕೆ ನೆಲಕ್ಕಿಳಿದ ಸಲಾಕೆ.
ಅಷ್ಟು ದೊಡ್ಡ ಶಹರು, ಅದರ ಕವ್ವಾಲಿ, ಸುದ್ದಿ, ಸಾಬೂನು ಜಾಹೀರಾತು,
ಇರುವೆಗೂ ತಾಕದ ಕಾವಾಗಿ ಮುಗಿಯುತ್ತದೆ.

ಮಾಲನಬಿ ಅನ್ನುವಳು, "ಈತನಂಥಾದ ತಂತಿ ಅದು.
ಹಿಂದಿಂದ ಕರದ್ರ ಕೇಳಂಗಿಲ್ಲ."

ಯುಗಾದಿ ದಾಟಿ ಎರೆ ಬಿರಿಯಿತು, ಮೊಣಕೈ ಹೋಗುವಷ್ಟು.
ಸಲಾಕೆ ಮುದಿಹಲ್ಲಿನ ಹಾಗೆ ಅಲುಗಿತು.
ಆ ರಾತ್ರಿ ಆಚೆ ತುದಿ ಮುಟ್ಟಿದ್ದೆಲ್ಲ ಹೊಳ್ಳಿ ಬಂದು
ಒಂಟೆಗಳ ಮೇಲೆ ಹೈದರಾಬಾದು ಏರಿತು.
ಲಾಡ್ಲೇಸಾಬ ಗುಂಡಿ ತಿರುವಿದ, ಬೈದ,
ಮತ್ತೆ ತಿರುವಿದ.

ಮಾಲನಬಿ ಏನೂ ಅನ್ನದೆ
ಕೊಡದ ನೀರಿಗೆ ಎರಡು ಹಿಡಿ ಉಪ್ಪು ಹಾಕಿ
ಕಂದೀಲು ಹಿಡಿದು ಗೂಟಗಳ ಸಾಲು ಹಿಡಿದಳು.
ಬೆಳಕು ಸಣ್ಣದಾಗುತ್ತ ಹೋಗಿ, ನಿಂತು, ಬಾಗಿತು.
ಬಿರುಕು ಎಷ್ಟು ಕುಡಿಯಿತೋ,
ಇಲ್ಲಿ ಹೈದರಾಬಾದು ತಗ್ಗಿತು, ಇನ್ನೂ ತಗ್ಗಿತು,
ಒಂಟೆಯವ ಕೆಮ್ಮಿ ದರ ಮುಂದುವರಿಸಿದ.

ಕಂದೀಲು ಅಲ್ಲೇ ಇತ್ತು.
ಅಷ್ಟು ದೂರದಿಂದ ಏನೋ ಕೂಗಿದಳು.
ತಂತಿ ಒಯ್ಯುವ ಮಾತಲ್ಲ ಅದು.
ಆದರೂ ಲಾಡ್ಲೇಸಾಬ
ಹೆಡ್‌ಫೋನು ಕಳಚಿ ತೊಡೆಯ ಮೇಲಿಟ್ಟು
ಕತ್ತಲಿಗೆ ಕೇಳಿದ, "ಹಾಂ?"